ಕೇಳದೆ ತುಂಬುವ ಚೀಲ

ಎರಡು ನಿಮಿಷ ಒಂದೇ ಕಡೆ ಕೂರುವ ಜೀವ ನನ್ನದಲ್ಲ. ಅಂಥವಳ ಕೈಗೆ ಜಾಲ್ಸೂರಿನ ನಮ್ಮ ದಿನಸಿ ಅಂಗಡಿ ಬಂದದ್ದು ಎಪ್ಪತ್ತರ ದಶಕದ ಕೊನೆಗೆ, ಅಪ್ಪನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ. ಪುತ್ತೂರಿನಲ್ಲಿ ಕೆಲಸದಲ್ಲಿದ್ದ ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿದ: "ಬಿಸುವರೆಗೆ ನೋಡುವ. ಆಗ್ಲಿಲ್ಲಾಂದ್ರೆ ಬಾಗಿಲು ಹಾಕುದು. ಬಟ್ಟೆ ಅಂಗಡಿಗೆ ಜಾಗ ಕೇಳುವವರು ಉಂಟು."

ಬಿಸು ಹಬ್ಬಕ್ಕೆ ಇನ್ನು ಐದು ತಿಂಗಳಿತ್ತು.

ಅಪ್ಪನ ಅಂಗಡಿಯಲ್ಲಿ ಸಾಮಾನಿನ ಚೀಟಿ ಎಂಬುದೇ ಇರಲಿಲ್ಲ. ಹಳೆಯ ಮನೆಗಳವರು ಖಾಲಿ ಚೀಲವನ್ನು ಹಲಗೆಯ ಮೇಲಿಟ್ಟು, ಏನೂ ಹೇಳದೆ ಕಾಸರಗೋಡಿನ ಬಸ್ಸು ಹತ್ತುತ್ತಿದ್ದರು. ಸಂಜೆ ಮರಳುವಾಗ ಚೀಲ ತುಂಬಿರುತ್ತಿತ್ತು. ಯಾವ ಮನೆಗೆ ಎಷ್ಟು ಕುಚ್ಚಲಕ್ಕಿ, ಯಾವ ಬಾಣಂತಿಗೆ ಓಮ, ಯಾರಲ್ಲಿ ನೆಂಟರಿದ್ದಾರೆ, ಎಲ್ಲ ಅಪ್ಪನಿಗೆ ಗೊತ್ತು. ನನಗೆ ಗೊತ್ತಿದ್ದದ್ದು ಬೆಲ್ಲ ಎಲ್ಲಿದೆ ಎಂಬುದಷ್ಟೆ.

ಆಲೆಟ್ಟಿ ಕಡೆಯ ಅಜ್ಜಿಯೊಬ್ಬರು ಚೀಲ ಇಟ್ಟಾಗ, "ಎಂತ ಬೇಕು ಅಜ್ಜಿ?" ಎಂದೆ.

"ಎಂತ ಬೇಕೂಂತ ನಾನೇ ಹೇಳುದಾದ್ರೆ ಸುಳ್ಯದಲ್ಲಿ ಅಂಗಡಿ ಇಲ್ವಾ ಮಗಾ?"

ನನಗೂ ಹಟ ಬಂತು. ಮುಂದಿನ ವಾರ ಕೇಳದೆಯೇ ಅವರ ಚೀಲ ತುಂಬತೊಡಗಿದೆ. ಬಾಗಿಲ ಬಳಿ ಕೂತಿದ್ದ ಅಪ್ಪ ನೆಟ್ಟಗಿದ್ದ ಎಡಗೈಯಿಂದ ಬೆಂಚು ಕುಟ್ಟಿದರು. "ಚಾ ತರ್ತೇನೆ ಅಪ್ಪ, ಸ್ವಲ್ಪ ಸುಮ್ನಿರಿ" ಎಂದೆ. ಅವರು ಕುಟ್ಟುತ್ತಲೇ ಇದ್ದರು. ನಾನು ಅಕ್ಕಿಯ ಮೇಲೆ ಒಣ ಬಂಗುಡೆಯ ಕಟ್ಟು ಇಟ್ಟೆ.

ಮರುದಿನ ಬೆಳಿಗ್ಗೆ ಚೀಲ ಹಾಗೆಯೇ ವಾಪಸ್ಸು ಬಂತು. ಅಜ್ಜಿಯ ಮೊಮ್ಮಗ ಶಬರಿಮಲೆಗೆ ಮಾಲೆ ಹಾಕಿದ್ದ. ವ್ರತದ ಮನೆಯ ಒಳಗೆ ನಾನು ಮೀನು ಕಳಿಸಿದ್ದೆ. ಅಜ್ಜಿ ಬೈಯಲಿಲ್ಲ, ಚೀಲ ಇಟ್ಟು ನಡೆದೇಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಮಾನ ಸಿಟ್ಟಾಗಿ ಅಪ್ಪನ ಮೇಲೆ ತಿರುಗಿತು. "ಗೊತ್ತಿದ್ದ ಮೇಲೆ ಬಾಯಿ ಬಿಟ್ಟು ಹೇಳ್ಬಾರ್ದಾ?" ಎಂದುಬಿಟ್ಟೆ. ಮಾತು ಹೋದ ಮನುಷ್ಯನಿಗೆ! ಅಪ್ಪ ಮುಖವನ್ನು ಅಕ್ಕಿಮೂಟೆಗಳ ಕಡೆ ತಿರುಗಿಸಿದರು. ಆ ಮಾತು ಇಂದಿಗೂ ನನ್ನನ್ನು ಕೊರೆಯುತ್ತದೆ.

ಸುದ್ದಿ ಹಬ್ಬಿ ಬೇರೆ ಮನೆಗಳ ಚೀಲ ಬರುವುದೂ ನಿಂತಿತು. ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಅಮ್ಮನನ್ನು ಕೂರಿಸಿ ಆ ಮನೆಗಳಿಗೆ ನಡೆದೇ ಹೋಗತೊಡಗಿದೆ. ಕೊಟ್ಟ ಬೆಲ್ಲ ನೀರು ಕುಡಿದೆ, ಅಡುಗೆಮನೆಯಲ್ಲಿ ಕೂತು ಹಲಸಿನ ಬೀಜ ಸುಲಿದೆ, ಡಬ್ಬಿಗಳನ್ನು ಕದ್ದು ನೋಡಿದೆ. ಅಜ್ಜಿಯ ಮನೆಗೆ ಮೂರು ಸಲ ಹೋದೆ. ನೀರು ಕೊಟ್ಟರು, ಮಾತಾಡಿಸಲಿಲ್ಲ. ಅವರ ಎಲೆಅಡಿಕೆ ತಟ್ಟೆಯಲ್ಲಿ ಹೊಗೆಸೊಪ್ಪು ಮಾತ್ರ ಇರಲಿಲ್ಲ. ಮಗ ಬಿಡಿಸಿದ್ದಾನೆಂದು ಸೊಸೆ ಹೇಳಿದಳು.

ಒಂದೊಂದೇ ಚೀಲ ಮರಳಿತು. ಬಿಸುವಿಗೆ ವಾರವಿದೆ ಎನ್ನುವಾಗ ಅಜ್ಜಿಯೂ ಬಂದು ಚೀಲ ಹಲಗೆಯ ಮೇಲಿಟ್ಟು, ನನ್ನ ಮುಖ ನೋಡದೆ ಬಸ್ಸು ಹತ್ತಿದರು.

ಆ ಮನೆಯಲ್ಲಿ ಕಂಡದ್ದನ್ನೆಲ್ಲ ನೆನೆದು ತುಂಬಿದೆ. ಚೀಲದ ಬಾಯಿ ಕಟ್ಟುವಾಗ ಅಪ್ಪ ಬೆಂಚು ಕುಟ್ಟಿದರು. ಈ ಸಲ ಹಗ್ಗ ಕೆಳಗಿಟ್ಟು ಅವರನ್ನೇ ನೋಡಿದೆ. ಅವರ ಕಣ್ಣು ಹೊಗೆಸೊಪ್ಪಿನ ಡಬ್ಬದ ಮೇಲಿತ್ತು. ಒಂದು ತುಂಡು ಕಟ್ಟಿ, ಯಾರಿಗೂ ಕಾಣದಂತೆ ಅಕ್ಕಿಯ ಕೆಳಗೆ ತೂರಿಸಿದೆ. ಕುಟ್ಟುವುದು ನಿಂತಿತು.

ಸಂಜೆ ಅಜ್ಜಿ ಚೀಲದ ತಳದವರೆಗೆ ಕೈ ಹಾಕಿ ತಡಕಿದರು. ಮತ್ತೆ ಅಪ್ಪನ ಕಡೆ ತಿರುಗಿ, "ಇನ್ನು ನೀವು ಆರಾಮ ಕೂತ್ಕೊಳ್ಳಿ ಮಾರಾಯ್ರೆ" ಎಂದರು.

ಬಿಸುವಿಗೆ ಅಣ್ಣ ಬಂದಾಗ ಹಲಗೆಯ ತುಂಬ ಖಾಲಿ ಚೀಲಗಳಿದ್ದವು. ಅವನು ಒಂದನ್ನು ಎತ್ತಿ, ಹೊರಟಿದ್ದ ಹೆಂಗಸನ್ನು ಕರೆದು, "ಎಂತ ಬೇಕು ಅಕ್ಕಾ?" ಎಂದ.

ಅಪ್ಪ ಜೋರಾಗಿ ಬೆಂಚು ಕುಟ್ಟಿದರು.