ಹುರುಳಿ ಹಾಸಿದ ರಸ್ತೆ

ಕುಪ್ಪೇಲೂರಿನಿಂದ ರಾಣೇಬೆನ್ನೂರಿಗೆ ಹೋಗುವ ನಮ್ಮ ಡಾಂಬರು ರಸ್ತೆ ಈಗ ಸುಗ್ಗಿಯಲ್ಲೂ ಕರ್ರಗೆ ಕಾಣುತ್ತದೆ. ಅದರಲ್ಲೇನು ದೊಡ್ಡಸ್ತಿಕೆ ಎಂದು ನೀವು ಕೇಳಬಹುದು. ಖರೇ ಹೇಳುತ್ತೇನೆ, ಅದನ್ನು ನೋಡಿದಾಗೆಲ್ಲ ನನಗೆ ಎದೆಯುಬ್ಬುತ್ತದೆ.

ನಮ್ಮ ಹಿರಿಯರು ಕಣವನ್ನು ಸಗಣಿಯಿಂದ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಪೂಜೆ ಮಾಡಿ, ಆಮೇಲೆ ಎತ್ತು ತಿರುಗಿಸುತ್ತಿದ್ದರು. ಕಣದೊಳಗೆ ಚಪ್ಪಲಿ ಮೆಟ್ಟಿಕೊಂಡು ಕಾಲಿಟ್ಟರೆ ಬೈಗುಳ ಖಾಯಂ. ಅಂಥವರ ಮೊಮ್ಮಕ್ಕಳಾದ ನಾವು ಡಾಂಬರು ಬಂದದ್ದೇ ತಡ, ಕಣ ಮಾಡುವ ರಗಳೆಯೇ ಬೇಡವೆಂದು ಹುರುಳಿಯನ್ನು ಬಸ್ಸಿನ ಗಾಲಿಯ ಕೆಳಗೆ ಹಾಸಿದೆವು. ಸೈಕಲ್ಲಿನವರು ಕಾಳು ಚೆಲ್ಲಾಪಿಲ್ಲಿ ಮಾಡಬಾರದೆಂದು ಸುತ್ತ ಕಲ್ಲು ಬೇರೆ! ಡ್ರೈವರು ಪಾಪ, ಬೆಳೆ ತಪ್ಪಿಸಿ ಬದಿಗೆ ಹೊಡೆದರೆ, ಇವನೆಂಥ ಮನುಷ್ಯ ಎಂದು ಮುನಿಸಿಕೊಳ್ಳುತ್ತಿದ್ದೆವು.

ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಮಕ್ಕಳ ಜಾಥಾ ಮಾಡಬೇಕೆಂದು ಸರಕಾರದ ಸುತ್ತೋಲೆ ಬಂತು. ಊರ ಶಾಲೆಯ ಮಾಸ್ತರನಾದ ನಾನು ಘೋಷಣೆ ಬರೆದೆ. ಪ್ರಾಸ ಚಲೋ ಕೂಡಿತೆಂದು ನನಗೆ ನಾನೇ ಶಾಭಾಸ್ ಅಂದುಕೊಂಡೆ. ರಸ್ತೆಯ ಮೇಲೆ ಒಕ್ಕಣೆ ಬೇಡ ಎಂಬ ಸಾಲೂ ಅದರಲ್ಲಿತ್ತು. ಜಾಥಾ ಊರೊಳಗೇ ಸುತ್ತಿ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಜೊತೆಗಿದ್ದ ಹವಾಲ್ದಾರರು, ಊರಾಚೆಯ ತಿರುವಿನವರೆಗೂ ಹೋಗಿಬರೋಣ ಅಂದರು. ತಿರುವು ದಾಟಿದರೆ ಎದುರಿಗೆ ಅರ್ಧ ರಸ್ತೆ ಹುರುಳಿ. ಪಕ್ಕದಲ್ಲಿ ಕಸಬರಿಗೆ ಹಿಡಿದು ಕೂತವಳು ನನ್ನ ಅವ್ವ.

ಮಕ್ಕಳ ಘೋಷಣೆ ನಿಂತುಹೋಯಿತು. ಇದು ಯಾರದೆಂದು ಹವಾಲ್ದಾರರು ಕೇಳಿದರು. ನಾನು ಬೇವಿನ ಗಿಡದ ತುದಿ ನೋಡತೊಡಗಿದೆ.

ಅವ್ವನೇ ಎದ್ದು ಸೆರಗು ಸರಿಮಾಡಿಕೊಂಡು ಅಂದಳು: "ನಂದರೀ. ಈ ಮಾಸ್ತರನ ತಾಯಿ ನಾ."

ಹವಾಲ್ದಾರರು ಬೈಯಲಿಲ್ಲ. ಹಿಂದಿನ ವಾರ ಬ್ಯಾಡಗಿ ಕಡೆಯ ರಸ್ತೆಯಲ್ಲಿ ಗಂಡ ಹೆಂಡತಿ ಬೈಕಿನ ಮೇಲೆ ಬರುವಾಗ ಇಂಥದೇ ಹುರುಳಿಯ ಮೇಲೆ ಜಾರಿದರಂತೆ. ಸುತ್ತ ಇಟ್ಟಿದ್ದ ಕಲ್ಲಿಗೆ ತಲೆ ಬಡಿದು ಆ ಹೆಣ್ಣುಮಗಳು ಅಲ್ಲೇ ತೀರಿಕೊಂಡಳಂತೆ. ಅವ್ವ ಬಾಗಿ, ಹುರುಳಿಗಿಂತ ಮೊದಲು ಕಲ್ಲುಗಳನ್ನು ಎತ್ತಿ ದೂರ ಹಾಕತೊಡಗಿದಳು.

ಅಂದೇ ಮಧ್ಯಾಹ್ನ ಹೊಲದ ಮೂಲೆಯಲ್ಲಿ ಸಗಣಿ ಸಾರಿಸಿ ಕಣ ಮಾಡಿದಳು. ಓಣಿಯ ಹೆಂಗಸರನ್ನೆಲ್ಲ ಕರೆದು ಆ ಹೆಣ್ಣುಮಗಳ ಕಥೆ ಹೇಳಿದಳು. ವಾರದೊಳಗೆ ರಸ್ತೆ ಖಾಲಿ. ಮುಂದಿನ ವರ್ಷ ಸರಕಾರದ ಸಿಮೆಂಟಿನ ಕಣವೂ ಬಂತು, ಅದಕ್ಕೂ ನಮಸ್ಕಾರ. ಆದರೆ ನಮ್ಮೂರ ತಿರುವಿನಲ್ಲಿ ಆಮೇಲೆ ಯಾರೂ ಜಾರಿ ಬಿದ್ದಿಲ್ಲವಲ್ಲ, ಅದು ಓದು ಬರಹ ಬಾರದ ನನ್ನ ಅವ್ವನಿಂದ.

ಇಷ್ಟು ಜಂಬ ಕೊಚ್ಚಿಕೊಂಡ ಮೇಲೆ ಜಾಥಾ ನಡೆದ ದಿನದ ಸಂಜೆಯನ್ನು ಮುಚ್ಚಿಡಬಾರದು. ಅವ್ವ ರೊಟ್ಟಿ ನೀಡುತ್ತ, ನನ್ನ ಮುಖ ನೋಡದೆ ಅಂದಳು: "ಹುಡುಗರಿಗೆ ಘೋಷಣಾ ಚಲೋ ಕಲಿಸೀದಿ. ತಪ್ಪು ನಂದು ಅನ್ನೂದನ್ನೂ ಒಂದೀಟು ಕಲಿಸು."

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳೆದುರು ಕೈಕಟ್ಟಿ ನಿಂತು ಹೇಳಿದೆ: "ನಿನ್ನೆ ಹವಾಲ್ದಾರರು ಕೇಳಿದಾಗ ನಾ ಬಾಯಿ ಬಿಡಬೇಕಾಗಿತ್ತು. ಮುಂಜಾನೆದ್ದು ಆ ಹುರುಳಿ ಹಾಸಿದಾಂವ ನಾನ. ಕಲ್ಲು ಇಟ್ಟಾಂವನೂ ನಾನ."