ನಾಲ್ಕನೇ ಅಧ್ಯಾಯದ ಋಷಿ

ನನ್ನ ಪಿಎಚ್‌ಡಿ ಮುಗಿಯಲು ಎಂಟು ವರ್ಷ ಹಿಡಿಯಿತು. ಅದರಲ್ಲಿ ಓದಿದ್ದು ಎರಡು ವರ್ಷ, ಬರೆದದ್ದು ಒಂದು ವರ್ಷ, ಉಳಿದದ್ದೆಲ್ಲ ವಿಶ್ವವಿದ್ಯಾಲಯದ ಕಚೇರಿಯಲ್ಲಿ ಯಾರೋ ಊಟ ಮುಗಿಸಿ ಬರಲೆಂದು ಕಾದದ್ದು. ಇದನ್ನು ದೊಡ್ಡಮ್ಮನ ಮುಂದೆ ಹೇಳಿದರೆ ಅವಳು ಒಪ್ಪುವುದಿಲ್ಲ. ಅವಳ ಪ್ರಕಾರ ಮುಗಿಸಿಕೊಟ್ಟದ್ದು ಮನೆಯ ದೈವ. ನಾನು ನಡುವೆ ಸುಮ್ಮನೆ ಓಡಾಡಿದವಳು.

ದೊಡ್ಡಮ್ಮನೆಂದರೆ ನನ್ನ ಅಮ್ಮನ ಅಕ್ಕ. ಗಡಿನಾಡಿನ ವರ್ಕಾಡಿಯಲ್ಲಿ ಮನೆ, ನಲವತ್ತು ವರ್ಷದಿಂದ ಬೀಡಿ ಕಟ್ಟುವ ಕೆಲಸ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಯಕ್ಷಗಾನದ ಯಾವ ವೇಷಧಾರಿಯೂ ಅವಳ ಬಾಯಿಗೆ ಸಿಕ್ಕಿ ಪಾರಾದದ್ದಿಲ್ಲ. ಮನೆಯಲ್ಲಿ ನಾವಾಡುವುದು ತುಳು. ಕತೆ ಹೇಳುವಾಗ ಮಾತ್ರ ದೊಡ್ಡಮ್ಮ ಕನ್ನಡಕ್ಕೆ ಹೊರಳುತ್ತಿದ್ದಳು, ಅದೂ ಕಿರೀಟ ಇಟ್ಟ ಕನ್ನಡಕ್ಕೆ. ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ ಎಂದು ಅರ್ಜಿಗಳಲ್ಲಿ ಬರೆಯುತ್ತೇನೆ. ಕಲಿತದ್ದು ಅವಳ ಜಗಲಿಯಲ್ಲಿ.

ಆ ಜಗಲಿಯಲ್ಲಿ ನನಗೊಂದು ಹುದ್ದೆಯಿತ್ತು. ಬೀಡಿ ಕಟ್ಟುವವರ ಕೈಗೆ ಬಿಡುವಿಲ್ಲ, ಕಿವಿಗೆ ಉಂಟು. ಹಾಗಾಗಿ ಯಾರಾದರೂ ಒಬ್ಬರು ಕೂತು ಪೇಪರು ಓದಿ ಹೇಳಬೇಕು. ಐದನೇ ಕ್ಲಾಸಿನಿಂದ ಆ ಒಬ್ಬರು ನಾನೇ. ದೊಡ್ಡಮ್ಮ, ಪಕ್ಕದ ಮನೆಯ ಬ್ಯಾರಿ ಹೆಂಗಸು, ಮತ್ತೆ ಬಂದು ಹೋಗುವ ಇಬ್ಬರು ಮೂವರು ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಎಲೆ ಕತ್ತರಿಸುವರು, ಪುಡಿ ತುಂಬಿ ಸುತ್ತುವರು. ನಾನು ಸಂಪಾದಕೀಯದಿಂದ ಹಿಡಿದು ಮರಣವಾರ್ತೆಯವರೆಗೆ ಓದುವೆ. ಪಕ್ಕದ ಮನೆಯವರನ್ನು ನಾನು ಉಮ್ಮ ಎಂದೇ ಕರೆಯುವುದು, ಅವರು ನನ್ನನ್ನು ಮೋಳೇ, ಅಂದರೆ ಮಗಳೇ, ಎನ್ನುವುದು. ಅವರಿಗೆ ಮರಣವಾರ್ತೆಯೆಂದರೆ ಪ್ರಾಣ.

ಮುಂದೆ ಎಂ.ಎ., ಬಿ.ಎಡ್. ಆಗಿ ನಾನು ಉಪ್ಪಳದ ಕಡೆಯ ಒಂದು ಶಾಲೆಯಲ್ಲಿ ದಿನಗೂಲಿಯ ಟೀಚರ್ ಆಗಿ, ಅಲ್ಲೇ ಕೋಣೆ ಹಿಡಿದೆ. ಜೂನಿನಲ್ಲಿ ಇಂಟರ್‌ವ್ಯೂ, ಮಾರ್ಚಿನಲ್ಲಿ ಬಿಡುಗಡೆ. ಅದೇ ಶಾಲೆ, ಅದೇ ಕ್ಲಾಸು, ಆದರೂ ಪ್ರತಿ ಜೂನಿನಲ್ಲೂ ನನ್ನನ್ನು ಮೊದಲ ಬಾರಿ ಕಂಡವರಂತೆ "ಯಾವ ಊರು?" ಎಂದು ಕೇಳುವರು. ಖಾಯಂ ಹುದ್ದೆಯ ರ್‍ಯಾಂಕ್ ಲಿಸ್ಟಿನಲ್ಲಿಯೂ ನನ್ನ ಹೆಸರಿತ್ತು. ನನ್ನ ಸರದಿ ಬರುವ ಮೊದಲೇ ಅವಧಿ ಮುಗಿದು ಆ ಲಿಸ್ಟು ತೀರಿಕೊಂಡಿತು. ಪಿಎಚ್‌ಡಿ ಇದ್ದರೆ ಕಾಲೇಜಿನಲ್ಲಿ ಪಾಠ ಮಾಡಬಹುದೆಂದು ಯಾರೋ ಹೇಳಿದರು. ದೊಡ್ಡಮ್ಮ ಅಂದೇ ದೈವಕ್ಕೆ ಹರಕೆ ಹೇಳಿದಳು. ಉಮ್ಮ ದರ್ಗಾಕ್ಕೆ ಹೇಳಿದರು. ಎರಡೂ ಕಡೆ ಹೇಳಿದ ಮೇಲೆ ರಿಜಿಸ್ಟ್ರೇಷನ್ ಮಾಡಿಸದೆ ನನಗೆ ದಾರಿಯಿರಲಿಲ್ಲ.

ವಿಷಯ ಹುಡುಕಲು ನಾನು ದೂರ ಹೋಗಲಿಲ್ಲ. ಬೀಡಿ ಕಟ್ಟುವ ಹೆಂಗಸರು ಹೇಳುವ ಕತೆಗಳು. ಮೊಬೈಲನ್ನು ತಡ್ಪೆಯ ಅಂಚಿಗೆ ಒರಗಿಸಿಟ್ಟರೆ ಸಾಕು, ಕ್ಷೇತ್ರಕಾರ್ಯ ಮುಗಿಯಿತು. ಜೊತೆಗೆ ಚಾ, ಅವಲಕ್ಕಿ ಸಿಗುವ ಕ್ಷೇತ್ರಕಾರ್ಯ. ಎರಡು ವರ್ಷದಲ್ಲಿ ದೊಡ್ಡಮ್ಮನೊಬ್ಬಳೇ ರಾಶಿ ಕತೆ ಹೇಳಿದಳು. ಮೂರನೇ ವರ್ಷ ನನ್ನ ಗೈಡು, ಒಳ್ಳೆಯ ಮನುಷ್ಯ, ನಿವೃತ್ತಿಯ ಹತ್ತಿರ ಇದ್ದವರು, "ಇನ್ನಷ್ಟು ಬೇಕು ಟೀಚರ್, ಇದು ಸಪೂರ ಆಯಿತು" ಎಂದರು. ನಾನು ಮತ್ತೆ ಹೋಗಿ ಕೂತೆ. ದೊಡ್ಡಮ್ಮ ಬೀಡಿಯ ಬಾಯಿ ಮಡಚುತ್ತ ಒಂದು ಹೊಸ ಕತೆ ತೆಗೆದಳು.

ಒಬ್ಬ ರಾಜ. ಇಬ್ಬರು ರಾಣಿಯರು. ಹೆರಿಗೆಯ ಮನೆಯಲ್ಲಿ ಚಿಕ್ಕ ರಾಣಿ ಮಗುವನ್ನು ಬದಲಾಯಿಸುತ್ತಾಳೆ. ರಾಜನ ರಥ ಮಗುಚಿ ಅವನಿಗೆ ಮರೆವಿನ ಶಾಪ ತಟ್ಟುತ್ತದೆ. ನಿಜವಾದ ರಾಜಕುಮಾರ ಏಳು ಕಡಲಾಚೆಯ ಮರಳ ದ್ವೀಪಕ್ಕೆ ಹೋಗಿ ದುಡಿಯುತ್ತಾನೆ. ಕೊನೆಗೆ ಒಬ್ಬ ಋಷಿ ಬರುತ್ತಾನೆ. ಬಿಳಿ ವಸ್ತ್ರದ ಋಷಿ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ನೋಡಿ, ಇದು ಯಾರ ಮಗು ಎಂದು ಹೇಳುತ್ತಾನೆ. "ಎಲೈ ರಾಜನೇ, ಈ ರಕ್ತವು ನಿನ್ನದೇ" ಎಂದು ದೊಡ್ಡಮ್ಮ ಯಕ್ಷಗಾನದ ಅರ್ಥ ಹೇಳುವ ಸ್ವರದಲ್ಲಿ ಅಂದಾಗ ನನ್ನ ಮೈ ಜುಮ್ಮೆಂದಿತು.

ಇಂಥ ಕತೆ ಯಾವ ಸಂಗ್ರಹದಲ್ಲೂ ಇರಲಿಲ್ಲ. ಹೇಗಿರುತ್ತದೆ? ನಾನು ಅದರ ಮೇಲೆ ಇಡೀ ನಾಲ್ಕನೇ ಅಧ್ಯಾಯ ಕಟ್ಟಿದೆ. ಮರಳ ದ್ವೀಪವನ್ನು ಪ್ರಾಚೀನ ಅರಬ್ ವ್ಯಾಪಾರದ ಜನಪದ ನೆನಪು ಎಂದು ಬರೆದೆ. ರಕ್ತ ನೋಡುವ ಋಷಿಯ ಮೇಲೆ ಹನ್ನೆರಡು ಪುಟ. ಆ ಹನ್ನೆರಡು ಪುಟದಲ್ಲಿ 'ಆದಿಮ' ಎಂಬ ಶಬ್ದವನ್ನು ನಾನು ಉಪ್ಪಿನ ಹಾಗೆ ಉದುರಿಸಿದ್ದೆ. ಕದ್ದದ್ದನ್ನು ಹುಡುಕುವ ಸಾಫ್ಟ್‌ವೇರಿಗೆ ಹಾಕಿದಾಗಲೂ ಪ್ರಬಂಧದಲ್ಲೇ ಅತ್ಯಂತ ಸ್ವಂತದ್ದು ನಾಲ್ಕನೇ ಅಧ್ಯಾಯವೆಂದು ಬಂತು.

ಕೊಟ್ಟ ಎಲ್ಲ ಎಕ್ಸ್‌ಟೆನ್ಷನ್‌ಗಳೂ ಮುಗಿದು, ಕೊನೆಯ ತಾರೀಕಿಗೆ ಮೂರು ವಾರ ಉಳಿದಿತ್ತು. ಆ ದಿನ ದಾಟಿದರೆ ರಿಜಿಸ್ಟ್ರೇಷನ್ ರದ್ದು. ಎಂಟು ವರ್ಷ ನೀರಲ್ಲಿ ಹೋಮ. ಪ್ರಬಂಧ ಸಿದ್ಧವಿತ್ತು, ಬೈಂಡಿಂಗ್ ಮಾತ್ರ ಬಾಕಿ. ಕತೆ ಕೊಟ್ಟವರಿಗೆ ಒಮ್ಮೆ ಓದಿ ಹೇಳಬೇಕು ಎಂದು ನನಗೆ ಆಸೆಯಾಯಿತು. ಹಳೆಯ ಹುದ್ದೆಯಲ್ಲವೇ. ಒಂದು ಭಾನುವಾರ ಜಗಲಿಯಲ್ಲಿ ಕೂತು, ಹೆಮ್ಮೆಯಿಂದ, ನಾಲ್ಕನೇ ಅಧ್ಯಾಯವನ್ನೇ ತೆಗೆದೆ. ಮಗು ಬದಲಾಗುವಲ್ಲಿಗೆ ಬರುವಾಗ ಉಮ್ಮನ ಕತ್ತರಿ ನಿಂತಿತು.

"ಮೋಳೇ, ಒಂದು ನಿಮಿಷ. ಆ ಚಿಕ್ಕ ರಾಣಿಗೆ ಕೆನ್ನೆಯಲ್ಲಿ ಮಚ್ಚೆ ಉಂಟಾ?"

"ಮಚ್ಚೆಯ ಸಂಗತಿ ಇಲ್ಲ ಉಮ್ಮ. ಯಾಕೆ?"

"ಇರ್ಬೇಕಿತ್ತು. ಇದು ಏಳೂವರೆಯದ್ದಲ್ವಾ?"

"ಎಂತ ಏಳೂವರೆ?"

"ಸೀರಿಯಲ್. ಅವಳು ಸರಿ ಇಲ್ಲ ಅಂತ ನಾನು ಮೊದಲೇ ಹೇಳಿದ್ದೆ ನಿನ್ನ ದೊಡ್ಡಮ್ಮನಿಗೆ."

ದೊಡ್ಡಮ್ಮನ ನೂಲು ಅದೇ ಗಳಿಗೆಯಲ್ಲಿ ಗಂಟಾಯಿತು. ಅವಳು ತಲೆ ಬಗ್ಗಿಸಿ ಅದನ್ನು ಬಿಡಿಸತೊಡಗಿದಳು. ಅವಳ ನೂಲು ಗಂಟಾದದ್ದನ್ನು ನಾನು ಅಂದಿನವರೆಗೆ ಕಂಡಿರಲಿಲ್ಲ.

"ಮರಳ ದ್ವೀಪ?" ಎಂದೆ.

"ದುಬೈ," ಎಂದರು ಉಮ್ಮ. "ನನ್ನ ಅಳಿಯ ಇರುವುದು ಅಲ್ಲಿಯೇ ಅಲ್ವಾ."

"ಋಷಿ?"

"ಆಸ್ಪತ್ರೆಯ ಡಾಕ್ಟ್ರು. ರಕ್ತ ಟೆಸ್ಟು ಮಾಡಿ ಯಾರ ಮಗು ಅಂತ ಹೇಳ್ತಾರಲ್ಲ, ಅದು. ಬಿಳಿ ಕೋಟು ಹಾಕಿದ್ದರು ಪಾಪ."

ನಾನು ದೊಡ್ಡಮ್ಮನನ್ನು ನೋಡಿದೆ. ಸಿಟ್ಟು ಬಂದಿತ್ತು, ಅಳುವೂ ಬಂದಿತ್ತು. ಯಾವುದು ಮೊದಲು ಬರಬೇಕೆಂದು ಅವು ತಮ್ಮೊಳಗೇ ಜಗಳಾಡುತ್ತಿದ್ದವು.

"ಎಂತ ಮಾಡುದು ಮಗಾ," ಎಂದಳು ದೊಡ್ಡಮ್ಮ, ತಲೆಯೆತ್ತದೆ. "ನೀನು ಎರಡು ಬಸ್ಸು, ಒಂದು ಜೀಪು ಹತ್ತಿ ಬಂದಿದ್ದಿ. ನನ್ನ ಹತ್ರ ಕತೆ ಮುಗಿದಿತ್ತು. ಜಗಲಿಗೆ ಬಂದ ಮಗುವನ್ನು ಬರಿಗೈಯಲ್ಲಿ ಕಳಿಸುದಾ?"

"ಸೀರಿಯಲ್ ಅಂತ ಹೇಳಬಹುದಿತ್ತಲ್ಲ."

"ನೀನು ಅಷ್ಟು ಖುಷಿಯಲ್ಲಿ ಬರ್ಕೊಳ್ತಾ ಇದ್ದಿ. ಹೇಗೆ ಹೇಳುದು?"

ಮರುದಿನ ಗೈಡಿಗೆ ಫೋನು ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಬರೀ ಕೆಮ್ಮು ಕೇಳಿತು. ಬೇಸರವಾಯಿತೆಂದುಕೊಂಡೆ. ನಗು ತಡೆಯುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

"ಋಷಿ ಇದ್ದಲ್ಲೇ ಇರಲಿ ಬಿಡಿ ಟೀಚರ್," ಎಂದರು. "ಹೊರಗಿನ ಪರೀಕ್ಷಕರು ಘಟ್ಟದ ಮೇಲಿನವರು, ವಿದ್ವಾಂಸರು. ಸೀರಿಯಲ್ ನೋಡುವ ಜಾತಿಯಲ್ಲ. ನನಗೂ ಈ ತಿಂಗಳ ಕೊನೆಗೆ ನಿವೃತ್ತಿ. ಬೈಂಡ್ ಮಾಡಿಸಿ."

ಸುಳ್ಳು ಹೇಳುವುದಿಲ್ಲ. ಎರಡು ದಿನ ನಾನು ಬೈಂಡಿಂಗಿನವನ ಅಂಗಡಿಯ ಮುಂದೆಯೇ ಸುಳಿದಾಡಿದೆ. ಯಾರಿಗೆ ಗೊತ್ತಾಗುತ್ತದೆ? ದೈವಕ್ಕೂ ಮನಸ್ಸಿನಲ್ಲೇ ಒಂದು ಅರ್ಜಿ ಹಾಕಿದೆ: ಎಂಟು ವರ್ಷದಲ್ಲಿ ನಿನಗೆ ನಾನು ಬೇರೆ ಏನೂ ತೊಂದರೆ ಕೊಟ್ಟಿಲ್ಲ, ಇದೊಂದನ್ನು ಕಾಣದಂತೆ ಇರು. ಉತ್ತರ ಬರಲಿಲ್ಲ. ಕಚೇರಿಗಳಲ್ಲಿ ಕಾದು ಅಭ್ಯಾಸವಿದ್ದುದರಿಂದ ಅದನ್ನು ನಾನು ಒಪ್ಪಿಗೆಯೆಂದೇ ತಿಳಿದೆ.

ಮೂರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ದೊಡ್ಡಮ್ಮ ನಿಂತಿದ್ದಳು. ಕಟ್ಟಿದ ಬೀಡಿ ಕೊಟ್ಟು ಬರುವ ಬ್ರಾಂಚಿಗೆ ಬಿಟ್ಟರೆ ಬೇರೆಲ್ಲಿಗೂ ಒಬ್ಬಳೇ ಹೋಗದವಳು ಜೀಪು, ಬಸ್ಸು ಹತ್ತಿ ಬಂದಿದ್ದಳು.

"ಬೈಂಡು ಮಾಡಿದ್ದಿಯಾ?"

"ಇಲ್ಲ. ನಾಳೆ."

"ಮಾಡಬೇಡ. ನಾನು ದೈವದ ಹತ್ರ ಹೇಳಿದ್ದು ಮಗು ಓದಿ ಪಾಸಾಗಲಿ ಅಂತ. ನಾನು ಹೇಳಿದ ಸುಳ್ಳಿನ ಮೇಲೆ ಪಾಸಾಗಲಿ ಅಂತ ಅಲ್ಲ. ಮಾತು ಕೊಟ್ಟವಳು ನಾನು, ನಾಳೆ ಅಲ್ಲಿ ಕೈ ಮುಗಿದು ನಿಲ್ಲಬೇಕಾದ್ದೂ ನಾನು."

"ದೈವ ಸೀರಿಯಲ್ ನೋಡ್ತದಾ ದೊಡ್ಡಮ್ಮ?"

"ನೋಡುದು ಬೇಡ. ನನ್ನ ಮುಖ ನೋಡಿದರೆ ಸಾಕು, ಗೊತ್ತಾಗ್ತದೆ ಅದಕ್ಕೆ."

ದೈವದ ಮೇಲೆ ನನಗಿರುವ ನಂಬಿಕೆ ಮಳೆಗಾಲದ ಕರೆಂಟಿನ ಹಾಗೆ, ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ. ಆದರೆ ದೊಡ್ಡಮ್ಮ ಅದರ ಮುಂದೆ ಕಳ್ಳಮುಖ ಹೊತ್ತು ನಿಲ್ಲುವುದನ್ನು ಕಲ್ಪಿಸಿಕೊಳ್ಳಲು ನನ್ನಿಂದಾಗಲಿಲ್ಲ.

ಮುಂದಿನ ಎರಡೂವರೆ ವಾರ ಪ್ರತಿ ಸಂಜೆ ಅದೇ ಜಗಲಿ. ಈ ಸಲ ಒಂದೊಂದೇ ಕತೆ ಹಿಡಿದು ವಿಚಾರಣೆ. ಇದು ಎಲ್ಲಿಂದ ಬಂತು? "ಇದು ಅತ್ತೆ ಹೇಳಿದ್ದು." ಇದು? "ಇದು ಉಮ್ಮನ ತಾಯಿಯದ್ದು, ನಾನು ಅದರಲ್ಲಿ ಮೀನು ತೆಗೆದು ಬದನೆ ಹಾಕಿದ್ದು." ಇದು? "ಇದು ಗೊತ್ತಿಲ್ಲ." ನಾನು ಐದು ಪಾಠಾಂತರಗಳೆಂದು ಕೋಷ್ಟಕ ಹಾಕಿದ್ದ ಕತೆಯೊಂದಿತ್ತು. ದೊಡ್ಡಮ್ಮ ಹಿಂದಿನ ಸಲ ಏನು ಹೇಳಿದ್ದೆನೆಂದು ನೆನಪಿಲ್ಲದೆ ಐದು ಸಲ ಬೇರೆ ಬೇರೆಯಾಗಿ ಹೇಳಿದ್ದಳಂತೆ. ಉಮ್ಮ ನಡುನಡುವೆ ಎದುರು ಪಕ್ಷದ ವಕೀಲರ ಹಾಗೆ ಎದ್ದು ನಿಲ್ಲುವರು. "ಸುಳ್ಳು, ಅದು ನಾನು ಹೇಳಿದ್ದು," ಎನ್ನುವರು. ದೊಡ್ಡಮ್ಮ, "ನೀನು ಹೇಳಿದ್ದು ಹೌದು, ಚಂದ ಮಾಡಿದ್ದು ನಾನು ಮಾರಾಯ್ತಿ," ಎನ್ನುವಳು.

ನಾಲ್ಕನೇ ಅಧ್ಯಾಯವನ್ನು ಬುಡಸಮೇತ ಕಿತ್ತೆ. 'ಆದಿಮ'ಗಳನ್ನೆಲ್ಲ ಹೆಕ್ಕಿ ಎಸೆದೆ. ಆ ಜಾಗದಲ್ಲಿ, ಟಿವಿಯ ಡಾಕ್ಟರು ಬೀಡಿ ಕಟ್ಟುವವಳ ಬಾಯಲ್ಲಿ ಋಷಿಯಾದದ್ದು ಹೇಗೆ ಎಂದು, ನಡೆದದ್ದನ್ನು ನಡೆದ ಹಾಗೆಯೇ ಬರೆದೆ. ನಾನು ಮೋಸ ಹೋದದ್ದನ್ನೂ ಬರೆದೆ. ಗೈಡು ಓದಿ, "ಇದು ಪಾಸಾಗುತ್ತದೋ ಇಲ್ಲವೋ ಗೊತ್ತಿಲ್ಲ ಟೀಚರ್. ನಾನಂತೂ ಓದಿ ಮುಗಿಸಿದ ಮೊದಲ ಅಧ್ಯಾಯ ಇದು," ಎಂದು ಸಹಿ ಹಾಕಿದರು. ಉಳಿದ ಅಧ್ಯಾಯಗಳಿಗೂ ಸಹಿ ಹಾಕಿದ್ದವರು ಅವರೇ. ಕೊನೆಯ ದಿನ ಕಚೇರಿ ಮುಚ್ಚಲು ಅರ್ಧ ಗಂಟೆ ಇರುವಾಗ ಸಲ್ಲಿಸಿದೆ.

ಏಳು ತಿಂಗಳ ಮೇಲೆ ಮೌಖಿಕ ಪರೀಕ್ಷೆ. ನಮ್ಮಲ್ಲಿ ಅದು ಬಾಗಿಲು ತೆರೆದಿಟ್ಟು ನಡೆಯುತ್ತದೆ, ಯಾರು ಬೇಕಾದರೂ ಬರಬಹುದೆಂದು ನೋಟೀಸಿನಲ್ಲಿಯೇ ಬರೆದಿರುತ್ತದೆ. ಬರುವವರು ಸಾಮಾನ್ಯವಾಗಿ ಚಹಾದ ಆಸೆಗೆ ಬರುವ ನಾಲ್ಕು ವಿದ್ಯಾರ್ಥಿಗಳು. ನನ್ನದಕ್ಕೆ ವರ್ಕಾಡಿಯಿಂದ ಒಂದು ಜೀಪು ಬಂತು. ದೊಡ್ಡಮ್ಮ ಮದುವೆಯ ಸೀರೆಯಲ್ಲಿ, ಉಮ್ಮ ಹೊಸ ಶಾಲಿನಲ್ಲಿ ಮುಂದಿನ ಸಾಲಿನಲ್ಲೇ ಕೂತರು. ಹುಡುಗಿ ನೋಡಲು ಬಂದವರ ಗಾಂಭೀರ್ಯ.

ಪರೀಕ್ಷಕರು ತೆಳ್ಳಗಿನ, ಮೆತ್ತಗಿನ ಮಾತಿನ ಹಿರಿಯರು. ಎಲ್ಲ ಅಧ್ಯಾಯಗಳನ್ನೂ ಸುತ್ತಿ ಬಂದು ನಾಲ್ಕಕ್ಕೆ ಬೆರಳಿಟ್ಟರು.

"ಒಂದು ಕತೆ ಟಿವಿಯದ್ದು ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಉಳಿದವು ಹಳೆಯವು ಎಂದು ನಾನು ಹೇಗೆ ನಂಬಲಿ?"

ಇದೇ ಪ್ರಶ್ನೆಗೆ ಹೆದರಿ ಏಳು ತಿಂಗಳು ಕಳೆದಿದ್ದೆ. ಬಾಯಿಪಾಠ ಮಾಡಿದ ಉತ್ತರವೂ ಇತ್ತು. ಅದು ಬರಲಿಲ್ಲ.

"ನಂಬುವ ಹಾಗಿಲ್ಲ ಸರ್," ಎಂದೆ. "ಯಾವುದು ಎಲ್ಲಿಂದ ಬಂತೆಂದು ಅವರು ಹೇಳಿದ್ದನ್ನು ಬರೆದಿದ್ದೇನೆ. ಅದಕ್ಕಿಂತ ಹಿಂದಕ್ಕೆ ನನ್ನ ಕೈ ಮುಟ್ಟುವುದಿಲ್ಲ."

ನಿವೃತ್ತರಾಗಿಯೂ ಬಂದಿದ್ದ ಗೈಡು ನೆಲ ನೋಡಿದರು. ಪರೀಕ್ಷಕರು ಕನ್ನಡಕ ತೆಗೆದು ಮುಂದಿನ ಸಾಲಿನ ಕಡೆ ತಿರುಗಿದರು.

"ಕತೆ ಹೇಳಿದವರು ನೀವೇ ಏನಮ್ಮ? ಉಳಿದವು ಹಿರಿಯರಿಂದ ಬಂದದ್ದೇ?"

ದೊಡ್ಡಮ್ಮ ಎದ್ದು ನಿಂತಳು. "ಹೆಚ್ಚಿನದ್ದು ಅತ್ತೆ ಹೇಳಿದ್ದು. ಅತ್ತೆ ಎಲ್ಲಿಂದ ತಂದದ್ದೋ ನನಗೆ ಗೊತ್ತಿಲ್ಲ. ಅವರ ಕಾಲದಲ್ಲಿ ಟಿವಿ ಇರ್ಲಿಲ್ಲ, ಯಕ್ಷಗಾನ ಇತ್ತು. ಅವರೂ ಜಗಲಿಗೆ ಬಂದ ಯಾರನ್ನೋ ನೋಡಿ ಪಾಪ ಕಂಡು ಹೇಳಿರಬಹುದು."

ಸಭೆಯಲ್ಲಿ ಯಾರೋ ನಕ್ಕರು. ಪರೀಕ್ಷಕರು ನಗಲಿಲ್ಲ. ಪೆನ್ನು ತೆಗೆದು ಬಹಳ ಹೊತ್ತು ಬರೆದರು. ಕೊನೆಗೆ ಎದ್ದು, ಪದವಿಗೆ ಶಿಫಾರಸು ಮಾಡುತ್ತೇನೆ, ಒಂದು ತಿದ್ದುಪಡಿ ಉಂಟು, ಎಂದರು. ದೊಡ್ಡಮ್ಮ ಈಗ ಹೇಳಿದ ಮಾತನ್ನು ಹಾಗೆಯೇ, ಒಂದಕ್ಷರ ಬದಲಿಸದೆ, ನಾಲ್ಕನೇ ಅಧ್ಯಾಯದ ಕೊನೆಯಲ್ಲಿ ಸೇರಿಸಬೇಕು.

ಆ ಗಡಿಬಿಡಿಯಲ್ಲಿ ನಾನು ಅದನ್ನು ಬರೆದುಕೊಂಡಿರಲಿಲ್ಲ. ಮೊಬೈಲೂ ಆಫ್ ಆಗಿತ್ತು. ಹಿಂದಿರುಗುವ ಜೀಪಿನಲ್ಲಿ ಪುಸ್ತಕ ತೆರೆದು ಕೇಳಿದೆ.

"ದೊಡ್ಡಮ್ಮ, ಅಲ್ಲಿ ಎಂತ ಹೇಳಿದ್ದು ನೀನು?"

"ಅತ್ತೆಯಿಂದ ಕಲಿತದ್ದು ಅಂತ ಹೇಳಿದೆ. ಅತ್ತೆ ದೊಡ್ಡ ಮನಸ್ಸಿನವರು, ಬಂದವರಿಗೆಲ್ಲ ಕತೆ ಕೊಡ್ತಿದ್ದರು ಅಂತ."

"ಹಾಗೆ ಎಲ್ಲಿ ಹೇಳಿದ್ದಿ ನೀನು?" ಎಂದರು ಉಮ್ಮ. "ಪಾಪ ಕಂಡು ಅಂತ ಹೇಳಿದ್ದು."

"ಅದು ಅಷ್ಟು ಚಂದ ಇಲ್ಲ. ಪುಸ್ತಕಕ್ಕೆ ಹೋಗುದಲ್ವಾ. ಬರಿ ಮಗಾ: ಎಲೈ ಪಂಡಿತರೇ..."

ನಾನು ಉಮ್ಮ ಹೇಳಿದ್ದನ್ನು ಬರೆದುಕೊಂಡೆ. ದೊಡ್ಡಮ್ಮ ಹೊಸಂಗಡಿ ಪೇಟೆಯವರೆಗೆ ಮುಖ ಆಚೆ ತಿರುಗಿಸಿಯೇ ಕೂತಿದ್ದಳು.