‘ಮೈ ತಣ್ಣಗೈತೆ’

ಮನುಷ್ಯನಿಗೆ ಕಣ್ಣು ಕೊಟ್ಟಿರುವುದು ನೋಡಲೆಂದೇ. ನಾನು ಮಾತ್ರ ಎಪ್ಪತ್ತರ ದಶಕದ ಕೊನೆಯಲ್ಲಿ, ಬಿಳಿಚೋಡು ಸುತ್ತಿನ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯ ಸೈಕಲ್ ತುಳಿಯುತ್ತ, ಮನೆಮನೆಯ ಬಾಗಿಲ ಹಿಂದೆ ಅಂಟಿಸಿದ ಭೇಟಿಯ ಕಾರ್ಡಿನಲ್ಲಿ ರುಜುವಿಗೆ ಜಾಗ ಹುಡುಕಲು ಆ ಕಣ್ಣುಗಳನ್ನು ಬಳಸುತ್ತಿದ್ದೆ.

ಜ್ವರದ ಮಗುವಿನ ಬೆರಳು ಚುಚ್ಚಿ, ಮಲೇರಿಯಾ ಪರೀಕ್ಷೆಗೆ ಗಾಜಿನ ಪಟ್ಟಿಗೆ ರಕ್ತ ಸವರಿ, ಮಾತ್ರೆ ಕೊಡಬೇಕು. ಮೂರನೇ ದಿನ ಮತ್ತೆ ಹೋಗಿ ನೋಡಬೇಕು. ಒಂದು ಮನೆಯಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಮೊದಲ ದಿನ ನನ್ನ ಬೆರಳನ್ನೇ ಕಚ್ಚಿ, ಇಲಾಖೆಗೆ ನನ್ನ ರಕ್ತವೂ ಸಿಗುವಂತೆ ಮಾಡಿದ್ದಳು.

ಮೂರನೇ ದಿನ ಅವಳ ತಾಯಿ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು.

“ಹೆಂಗೈತಮ್ಮಾ ಕೂಸಿಗೆ?”

“ಜ್ವರ ಬಿಟ್ಟೈತ್ರೀ ಸಾರ್. ಮೈ ತಣ್ಣಗೈತೆ. ಮಲಗೈತೆ.”

‘ಗುಣವಾಗಿದೆ’ ಎಂದು ಬರೆದು ರುಜು ಹಾಕಿದೆ. ಮಲಗಿದ ಮಕ್ಕಳನ್ನು ಎಬ್ಬಿಸಬಾರದೆಂಬ ಸೌಜನ್ಯ ಆಗ ನನ್ನಲ್ಲಿ ಹೇರಳವಾಗಿತ್ತು.

ಸೈಕಲ್ ಹತ್ತುವಾಗ ಜಗಲಿಯಲ್ಲಿದ್ದ ಅಜ್ಜಿ ಹೊಗಳಿದಳು: “ಭೇಷ್ ಮಾತ್ರೆ ಬಿಡಪ್ಪಾ. ನಿನ್ನೆ ಸಂಜಿಂದ ಕೂಸು ಒಂದ್ಸಲನೂ ಅತ್ತಿಲ್ಲ. ಹಾಲೂ ಕೇಳಿಲ್ಲ.”

ಸೈಕಲ್ ಬಿಸಾಕಿ ಒಳಗೆ ಓಡಿದೆ. ಪಾದಗಳು ಮಣ್ಣಿನ ಗಡಿಗೆಯಂತೆ ತಣ್ಣಗಿದ್ದವು. ಕಂಬಳಿ ಸರಿಸಿ ಹೊಟ್ಟೆ ಮುಟ್ಟಿದರೆ ಕೆಂಡ. ಅರೆತೆರೆದ ಕಣ್ಣು ಕರೆದರೂ ಹೊರಳಲಿಲ್ಲ.

“ಕೈಕಾಲು ಮುಟ್ಟಿ ನೋಡಿದ್ನಲ್ರೀ ಸಾರ್, ತಣ್ಣಗಿತ್ತು,” ಎಂದಳು ತಾಯಿ. ನೀವು ಮುಟ್ಟಿದ್ರಾ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮಗುವನ್ನು ಮಡಿಲಲ್ಲಿಟ್ಟುಕೊಂಡು ಅವಳು ಕ್ಯಾರಿಯರ್ ಮೇಲೆ ಕೂತಳು. ಬಿಳಿಚೋಡಿನಲ್ಲಿ ಜಗಳೂರಿನ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ.

“ಚಾ ಕುಡಿಯಾಕೆ ಹೋಗ್ಯಾನ್ರೀ. ಗೌರ್ಮೆಂಟ್ ಮಂದಿಗೆ ಯಾವಾಗಿಂದ ಇಷ್ಟು ಅವಸರ?” ಎಂದ ಕಂಡಕ್ಟರ್. ಉತ್ತರವಾಗಿ ಕಂಬಳಿಯ ತುದಿ ಎತ್ತಿ ತೋರಿಸಿದೆ. ಅವನೇ ಹೋಟೆಲಿಗೆ ಓಡಿ ಡ್ರೈವರನನ್ನು ಎಳೆದುತಂದ.

ದಾರಿಯುದ್ದಕ್ಕೂ ತಾಯಿಯದು ಒಂದೇ ಪ್ರಶ್ನೆ: “ಉಸಿರು ಐತೇನ್ರೀ?”

ಪ್ರತಿ ಸಲವೂ ಮೂಗಿನ ಹತ್ತಿರ ಬೆರಳಿಟ್ಟು “ಐತಮ್ಮಾ” ಎನ್ನುತ್ತಿದ್ದೆ. ಎರಡು ಸಲ ಬೆರಳಿಗೆ ಏನೂ ತಾಗಲಿಲ್ಲ. ಬಸ್ಸಿನ ಗಾಳಿ ಇರಬೇಕೆಂದುಕೊಂಡು ಆಗಲೂ “ಐತೆ” ಎಂದೆ. ಆಮೇಲೆ ಅವಳು ಕೇಳುವುದನ್ನು ಬಿಟ್ಟು, ನನ್ನ ಮುಖವನ್ನೇ ನೋಡುತ್ತ ಕೂತಳು.

ಹುಡುಗಿ ಜಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಬದುಕಿದಳು. ಜ್ವರ ಮಿದುಳಿಗೇರಿ ಎರಡೂ ಕಿವಿ ಕೇಳದಾದವು.